ಕಚೇರಿಯ ಉಡುಪು ಮತ್ತು ಅತಿಭಾರಾರೋಪಣ

ಕಳೆದ ತಿಂಗಳು ನಮ್ಮ ಅಂಗಡಿಯ ಲೆಕ್ಕಪತ್ರ ವಿಭಾಗಕ್ಕೆ ಬಿ.ಕಾಂ. ಮುಗಿಸಿದ ತರುಣನೊಬ್ಬನನ್ನು ತೆಗೆದುಕೊಂಡೆವು. ಸಂಬಳ, ವೇಳೆ, ರಜೆ ಮುಂತಾದ ಮಾತುಗಳೆಲ್ಲ ಮುಗಿದ ಮೇಲೆ ಅವನು ಬಾಗಿಲಿನವರೆಗೆ ಹೋಗಿ, ಮರಳಿ ಬಂದು, “ನಾಳೆ ಏನ ಹಾಕ್ಕೊಂಡ ಬರ್ಲಿರಿ?” ಎಂದು ಕೇಳಿದ. ಸಹಜವಾದ ಪ್ರಶ್ನೆ. ಹತ್ತು ವರ್ಷಗಳ ಹಿಂದೆ ಯಾರಾದರೂ ಇದನ್ನು ಕೇಳಿದ್ದರೆ ನನ್ನಲ್ಲಿ ಸಿದ್ಧವಾದ ಉತ್ತರವಿತ್ತು. ಅದು ಒಂಬತ್ತು ಕಲಮುಗಳಲ್ಲಿ ಟೈಪಾಗಿ ಗೋಡೆಯ ಮೇಲೆ ತೂಗುತ್ತಿದ್ದ ಕಾಲವೂ ಒಂದಿತ್ತು. ಆದರೆ ಆ ದಿನ ನಾನು ಅವನಿಗೆ ಕೂಡಲೇ ಏನನ್ನೂ ಹೇಳಲಾರದೆ ಹೋದೆ. ಏಕೆ ಹೇಳಲಾರದೆ ಹೋದೆನೆಂಬುದನ್ನು ವಾಚಕರ ಮುಂದಿಡುವುದು ಈ ಬರಹದ ಉದ್ದೇಶ. ಇದರಲ್ಲಿ ನನ್ನ ಕಡೆಯ ಲೋಪವೇ ಹೆಚ್ಚಾಗಿದೆ. ನಮ್ಮ ಸಮಾಜದಲ್ಲಿ ಅಂಗಡಿ, ಕಾರ್ಖಾನೆಗಳನ್ನು ನಡೆಸುವವರು ಬಹಳ ಮಂದಿ ಇರುವುದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ನನ್ನ ತಂದೆಯವರದು ಹುಬ್ಬಳ್ಳಿಯಲ್ಲಿ ಕಾಳುಕಡಿಯ ಅಂಗಡಿ. ಧೋತರ, ಬಿಳಿಯ ಅಂಗಿ, ಕಪ್ಪು ಕೋಟು, ಟೋಪಿ ಇವು ಅವರ ಉಡುಪು. ಗಾದಿಯ ಮೇಲೆ ಕುಳಿತು ಕಿರ್ದಿ ಬರೆಯುವಾಗ ಕೋಟು ಇರುತ್ತಿತ್ತು. ತಕ್ಕಡಿಯ ಬಳಿಗೆ ಏಳುವಾಗ ಅದು ಗೋಡೆಯ ಗೂಟಕ್ಕೆ ಹೋಗುತ್ತಿತ್ತು. 1981ರಲ್ಲಿ ನಾನು ಬಿ.ಕಾಂ. ಪದವಿ ಪಡೆದು ಅಂಗಡಿಗೆ ಬಂದಾಗ ಆ ಕಾಲದ ಅಗಲ ಕಾಲಿನ ಪ್ಯಾಂಟು ತೊಟ್ಟಿದ್ದೆ. ಉದ್ದ ತೋಳಿನ ಅಂಗಿಗೆ ಹೊಳೆಯುವ ಗುಂಡಿಗಳಿದ್ದವು. ಪ್ಯಾಂಟಿನ ವಿಷಯದಲ್ಲಿ ತಂದೆಯವರು ಚಕಾರ ಎತ್ತಲಿಲ್ಲ. “ತೋಳು ಮಡಚು. ತಕ್ಕಡಿ ಹಿಡಿಯೋ ಕೈ ಗಿರಾಕಿಗೆ ಮೊಣಕೈತನಕ ಕಾಣಬೇಕು” ಎಂದಷ್ಟೇ ಹೇಳಿದರು. ಬೆರಳಿನಲ್ಲಿದ್ದ ಉಂಗುರವನ್ನೂ ತೆಗೆಸಿದರು. ಅವರ ಅಂಗಡಿಯಲ್ಲಿ ಉಡುಪಿನ ನಿಯಮವೆಂದರೆ ಇದೊಂದೇ. ಗಿರಾಕಿಗೆ ಸಂಶಯ ಹುಟ್ಟಬಾರದು, ಅಷ್ಟೆ. ಹಮಾಲರು ತಲೆಗೆ ಗೋಣಿಯ ತಟ್ಟು ಹಾಕಿಕೊಂಡು, ಮೊಣಕಾಲ ಮೇಲಕ್ಕೆ ಧೋತರ ಕಟ್ಟಿ ಬರುತ್ತಿದ್ದರು. ಗುಮಾಸ್ತರು ಪಾಯಜಾಮದಲ್ಲಿ ಬರುತ್ತಿದ್ದರು. ಇದರಿಂದ ಯಾವ ವ್ಯಾಪಾರವೂ ತಪ್ಪಿಹೋದದ್ದು ನನಗೆ ನೆನಪಿಲ್ಲ.

ಮುಂದೆ ನಾನು ಕಾಳುಕಡಿಯನ್ನು ಬಿಟ್ಟು ಪಂಪ್‌ಸೆಟ್ಟು ಮತ್ತು ಪೈಪುಗಳ ವಿತರಣೆಗೆ ಇಳಿದೆ. ಗಾದಿ ಹೋಗಿ ಮೇಜು ಬಂತು, ಕಿರ್ದಿ ಖತಾವಣಿ ಹೋಗಿ ಗಣಕಯಂತ್ರ ಬಂತು. ನನ್ನ ಮಗ ಬೆಂಗಳೂರಿನಲ್ಲಿ ಕೆಲವು ವರ್ಷ ಕೆಲಸ ಮಾಡಿ ಊರಿಗೆ ಮರಳಿ ಅಂಗಡಿಗೆ ಸೇರಿದ. ಸರಕು ತಯಾರಿಸುವ ಕಂಪನಿಯ ಅಧಿಕಾರಿಗಳು ಮೇಲಿಂದ ಮೇಲೆ ಭೇಟಿ ಕೊಡುತ್ತಿದ್ದರು. “ಅಪ್ಪಾಜಿ, ನಮ್ಮ ಮಂದಿ ಒಬ್ಬೊಬ್ಬರು ಒಂದೊಂದು ಥರ ಕಾಣಸ್ತಾರ. ಷೋರೂಮಿಗೆ ಒಂದು ಶಿಸ್ತು ಬೇಕು” ಎಂದು ಮಗ ಹೇಳಿದಾಗ ನನಗೂ ಅದು ಸರಿಯೆನಿಸಿತು. ದೋಷವನ್ನು ಅವನ ಮೇಲೆ ಹೊರಿಸಲಾರೆ. ಅವನು ಕೇಳಿದ್ದು ಒಂದೇ ಬಣ್ಣದ ಅಂಗಿ. ಅದನ್ನು ಒಂಬತ್ತು ಕಲಮುಗಳ ಕಟ್ಟಳೆಯಾಗಿ ಬೆಳೆಸಿದವನು ನಾನು.

ಅದು 2018ನೆಯ ಇಸವಿ. ಆ ವರ್ಷದ ಫೆಬ್ರವರಿಯಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಕುಟುಂಬಸಮೇತ ಹೋಗಿ, ವಿಂಧ್ಯಗಿರಿಯ ಮೇಲೆ ದಿಗಂಬರ ಮೂರ್ತಿಯ ಎದುರು ಕೈಮುಗಿದು ಬಂದಿದ್ದೆವು. ಜೂನ್ ತಿಂಗಳಲ್ಲಿ ನಾನು ಹದಿನಾಲ್ಕು ಜನರ ಮೈಮೇಲಿನ ಬಟ್ಟೆಯ ಬಗ್ಗೆ ಕಲಮುಗಳನ್ನು ಬರೆಯುತ್ತ ಕುಳಿತಿದ್ದೆ. ಈ ಎರಡೂ ಒಂದೇ ವರ್ಷದಲ್ಲಿ ನಡೆದವೆಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ.

ಕಲಮುಗಳ ಸಾರ ಹೀಗಿತ್ತು. ಪುರುಷರಿಗೆ ತಿಳಿನೀಲಿ ಬಣ್ಣದ ಪೂರ್ಣತೋಳಿನ ಅಂಗಿ, ಗಾಢನೀಲಿ ಪ್ಯಾಂಟು, ಕಪ್ಪು ಬೂಟು, ಸಾಕ್ಸ್. ಮಹಿಳೆಯರಿಗೆ ಒಂದೇ ಮಾದರಿಯ ಸೀರೆ. ಚಪ್ಪಲಿ ನಿಷಿದ್ಧ, ಜೀನ್ಸ್ ನಿಷಿದ್ಧ. ಬೂಟು ಮತ್ತು ಬೆಲ್ಟುಗಳ ವಿಷಯದಲ್ಲಿ ಮಾತ್ರ ವಿಶೇಷವಾದ ಕಲಮೊಂದನ್ನು ಸ್ವಹಸ್ತದಿಂದ ಸೇರಿಸಿದೆ: ಇವು ಚರ್ಮದವು ಆಗಿರಕೂಡದು, ರೆಕ್ಸಿನ್ನಿನವೇ ಆಗಬೇಕು. ನಾನು ಚರ್ಮದ ವಸ್ತುಗಳನ್ನು ಬಿಟ್ಟು ಆಗಲೇ ಮೂವತ್ತು ವರ್ಷಗಳಾಗಿದ್ದವು. ನನ್ನ ಅಂಗಡಿಯಲ್ಲಿ ಒಂದು ಪ್ರಾಣಿಯ ತೊಗಲೂ ಓಡಾಡಬಾರದೆಂಬ ಅಭಿಮಾನ ಆ ಕಲಮಿನಲ್ಲಿತ್ತು. ಸ್ನೇಹಿತರೊಬ್ಬರಿಗೆ ಅದನ್ನು ತೋರಿಸಿ ಹೊಗಳಿಸಿಕೊಂಡದ್ದೂ ಉಂಟು.

ಖರ್ಚಿನ ಮಾತು. ಪುರುಷರಿಗೆ ಎರಡು ಜೊತೆ ಬಟ್ಟೆ, ಹೊಲಿಗೆ, ಬೂಟು ಸೇರಿ 3,500 ರೂಪಾಯಿ. ಮಹಿಳೆಯರಿಗೆ ಎರಡು ಸೀರೆ, ಕುಪ್ಪಸ ಸೇರಿ 2,400 ರೂಪಾಯಿ ಆಯಿತು. ಹಣವನ್ನು ಅಂಗಡಿಯೇ ಮುಂಗಡವಾಗಿ ಕೊಟ್ಟು, ತಿಂಗಳಿಗೆ 500 ರೂಪಾಯಿಯಂತೆ ಸಂಬಳದಲ್ಲಿ ಮುರಿದುಕೊಳ್ಳುವುದೆಂದು ಗೊತ್ತುಮಾಡಿದೆ. ಇದನ್ನು ನಾನು ಉಪಕಾರವೆಂದೇ ತಿಳಿದಿದ್ದೆ, ಬಡ್ಡಿ ಹಾಕಿರಲಿಲ್ಲವಲ್ಲ! ಸಮವಸ್ತ್ರವಿಲ್ಲದೆ ಬಂದವರಿಗೆ ದಿನಕ್ಕೆ 100 ರೂಪಾಯಿ ದಂಡ. ಬಟ್ಟೆಯನ್ನು ಆರಿಸುವಾಗ ಮಡಿಕೆ ಬೀಳದ, ಇಸ್ತ್ರಿ ಬೇಡದ ಪಾಲಿಯೆಸ್ಟರ್ ಹೆಚ್ಚಾಗಿರುವ ಮಿಶ್ರಣವನ್ನು ಆರಿಸಿದೆ. ಹತ್ತಿಯ ನೂಲು ಸಾಮಾನ್ಯ ಹವೆಯಲ್ಲಿ ತನ್ನ ತೂಕದ ನೂರಕ್ಕೆ ಸುಮಾರು 8ರಷ್ಟು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ನೂರಕ್ಕೆ ಅರ್ಧದಷ್ಟನ್ನೂ ಹಿಡಿಯದು ಎಂಬುದನ್ನು ಬಟ್ಟೆಯ ವ್ಯಾಪಾರಿಯಾದ ನನ್ನ ಷಡ್ಡಕರು ಆಮೇಲೆ ತಿಳಿಸಿದರು. ಅಂದರೆ ಮೈಯ ಬೆವರು ಬಟ್ಟೆಗೆ ಹೋಗದೆ ಮೈಮೇಲೆಯೇ ನಿಲ್ಲುತ್ತದೆ. ನನ್ನ ಕೋಣೆಗೆ ಹವಾನಿಯಂತ್ರಣವಿತ್ತು. ಗೋದಾಮಿನ ಮೇಲೆ ತಗಡಿನ ಹೊದಿಕೆಯಿತ್ತು.

ಮೊದಲ ಆಕ್ಷೇಪ ಬಂದದ್ದು ಲೆಕ್ಕಪತ್ರ ನೋಡುವ ಹೆಣ್ಣುಮಗಳಿಂದ. ಅವರು ಹನ್ನೊಂದು ವರ್ಷಗಳಿಂದ ನಮ್ಮಲ್ಲಿದ್ದವರು, ಮಾತಿನಲ್ಲಿ ಅಳುಕಿಲ್ಲದವರು. ನಿತ್ಯವೂ ಚೂಡಿದಾರ ತೊಟ್ಟು ಸ್ಕೂಟರಿನಲ್ಲಿ ಬರುತ್ತಿದ್ದರು. ಹಳೆಯ ಕಡತಗಳು ನಮ್ಮಲ್ಲಿ ಮಾಳಿಗೆಯ ಮಟ್ಟದ ಹಲಗೆಯ ಮೇಲಿರುತ್ತವೆ. ನಿಚ್ಚಣಿಕೆ ಹತ್ತಿ ತೆಗೆಯಬೇಕು. ಎರಡನೆಯ ವಾರ ಅವರು ನನ್ನ ಕೋಣೆಗೆ ಬಂದು, “ಅಣ್ಣಾರ, ಐದೂವರಿ ಮೀಟರ್ ಸೀರಿ ಉಟಗೊಂಡು ಆ ನಿಚ್ಚಣಿಕಿ ಒಮ್ಮೆ ನೀವ ಏರಿ ತೋರಸ್ರಿ. ಆಮ್ಯಾಲೆ ನಾನೂ ಏರ್ತೀನಿ” ಎಂದರು. ಹೊರಗಿದ್ದವರು ನಕ್ಕದ್ದು ಕೇಳಿಸಿತು. ನನಗೆ ಸಿಟ್ಟು ಬಂತು. ಆದರೂ ಉತ್ತರವಿರಲಿಲ್ಲವಾದ್ದರಿಂದ ಕಡತ ತೆಗೆಯುವ ಕೆಲಸವನ್ನು ಹುಡುಗನೊಬ್ಬನಿಗೆ ವಹಿಸಿದೆ. ಕಲಮನ್ನು ಬದಲಾಯಿಸುವ ಬದಲು ಕೆಲಸವನ್ನೇ ಬದಲಾಯಿಸಿದೆ ಎಂಬುದನ್ನು ವಾಚಕರು ಗಮನಿಸಬೇಕು. ಸ್ತ್ರೀಯರ ಉಡುಪಿನ ಬಗ್ಗೆ ನಿಯಮ ಮಾಡುವಾಗ ನಾವು ‘ಮರ್ಯಾದೆ’ ಎಂಬ ಪದವನ್ನು ಬಹಳ ಬಳಸುತ್ತೇವೆ. ನಿಚ್ಚಣಿಕೆಯ ಮೇಲೆ ಚೂಡಿದಾರಕ್ಕಿಂತ ಸೀರೆಯಲ್ಲಿ ಮರ್ಯಾದೆ ಹೇಗೆ ಹೆಚ್ಚುತ್ತದೆಂದು ಅವರನ್ನು ಕೇಳುವುದಿರಲಿ, ನನ್ನ ಮನಸ್ಸನ್ನೂ ನಾನು ಕೇಳಿಕೊಂಡಿರಲಿಲ್ಲ.

ಜುಲೈ ತಿಂಗಳಲ್ಲಿ ಮಳೆ ಹಿಡಿಯಿತು. ನಮ್ಮಲ್ಲಿ ವಸೂಲಿಯ ಕೆಲಸ ಮಾಡುವ ಗುಮಾಸ್ತರೊಬ್ಬರಿದ್ದರು. ಆಗ ಅವರಿಗೆ ಐವತ್ತನಾಲ್ಕು ವರ್ಷ. ನಮ್ಮಲ್ಲಿ ಸೇರಿ ಇಪ್ಪತ್ತಾರು ವರ್ಷಗಳಾಗಿದ್ದವು. ಪೇಟೆಯ ಅಂಗಡಿ ಅಂಗಡಿಗೆ ನಡೆದುಹೋಗಿ ಬಾಕಿ ತರುವುದು ಅವರ ಕೆಲಸ. ಅವರಿಗೆ ಸಕ್ಕರೆ ಕಾಯಿಲೆಯಿದ್ದುದು ನನಗೆ ಗೊತ್ತಿತ್ತು. ಮಧ್ಯಾಹ್ನ ಎಲ್ಲರೂ ಸಿಹಿ ತಿನ್ನುವಾಗ ಅವರು ಬೇಡವೆನ್ನುತ್ತಿದ್ದರು. ಇಪ್ಪತ್ತಾರು ವರ್ಷ ರಬ್ಬರಿನ ಚಪ್ಪಲಿಯಲ್ಲಿ ಊರು ಸುತ್ತಿದ್ದ ಆ ಕಾಲುಗಳು ನನ್ನ ಕಲಮಿನ ಪ್ರಕಾರ ರೆಕ್ಸಿನ್ ಬೂಟಿನೊಳಗೆ ಸೇರಿದವು. ಮಳೆಯಲ್ಲಿ ಬೂಟು ನೆನೆಯುತ್ತಿತ್ತು. ಒಳಗೆ ಹೊಕ್ಕ ನೀರಿಗೆ ಹೊರಗೆ ಬರಲು ದಾರಿಯಿರಲಿಲ್ಲ. ರಾತ್ರಿ ಒಲೆಯ ಬಳಿ ಇಟ್ಟರೂ ಬೆಳಿಗ್ಗೆ ಒಣಗುತ್ತಿರಲಿಲ್ಲವಂತೆ. ಆ ತಿಂಗಳಲ್ಲಿ ಐದು ದಿನ ಅವರು ಚಪ್ಪಲಿಯಲ್ಲಿ ಬಂದರು. ಐದು ದಿನವೂ ದಂಡ ಬಿತ್ತು. ಐದನೆಯ ದಂಡದ ಮೇಲೆ ಅವರು ಒದ್ದೆ ಬೂಟನ್ನೇ ಹಾಕಿಕೊಂಡು ಬರತೊಡಗಿದರು. ನಿಯಮ ಫಲಿಸಿತೆಂದು ನಾನು ತಿಳಿದೆ.

ಆಗಸ್ಟ್ ಮೊದಲ ವಾರದ ಒಂದು ಮಧ್ಯಾಹ್ನ. ಕಂಪನಿಯ ಅಧಿಕಾರಿಗಳು ಬರುವುದರಲ್ಲಿದ್ದರು. ನಾನು ಷೋರೂಮಿನಲ್ಲಿ ಒಂದು ಸುತ್ತು ಬಂದಾಗ ಗುಮಾಸ್ತರು ಮೇಜಿನ ಕೆಳಗೆ ಬಲಗಾಲಿನ ಬೂಟನ್ನು ಬಿಚ್ಚಿಟ್ಟು ಪಾವತಿಗಳನ್ನು ಹೊಂದಿಸುತ್ತಿದ್ದುದು ಕಂಡಿತು. ಏನಾಯಿತೆಂದು ಕೇಳಿದೆ. “ನೋವೇನಿಲ್ರಿ ಸಾವಕಾರ್ರ. ಸಾಕ್ಸ್ ಒದ್ದಿ ಆಗೇದಂತ ತೆಗದೇನ್ರಿ” ಎಂದರು. “ಹತ್ತು ನಿಮಿಷದ ಮಾತು, ಹಾಕ್ಕೋರಿ. ಅವರು ಹೋದ ಮ್ಯಾಲೆ ತೆಗೀರಿ” ಎಂದೆ. ಅವರು ಹಾಕಿಕೊಂಡರು. ಅಧಿಕಾರಿಗಳು ಹತ್ತು ನಿಮಿಷಕ್ಕೆ ಹೋಗಲಿಲ್ಲ. ಚಹಾ, ಮಾತುಕತೆ ಎಂದು ಸಂಜೆಯಾಯಿತು. ಅವರಾರೂ ಗುಮಾಸ್ತರ ಕಾಲನ್ನು ನೋಡಲಿಲ್ಲವೆಂದು ಈಗ ಖಂಡಿತವಾಗಿ ಹೇಳಬಲ್ಲೆ. ಮೇಜಿನ ಆಚೆ ಕುಳಿತವರಿಗೆ ಅದು ಕಾಣುವಂತೆಯೂ ಇರಲಿಲ್ಲ.

ನೋವಿಲ್ಲ ಎಂಬ ಅವರ ಮಾತನ್ನು ನಾನು ಸಮಾಧಾನವೆಂದು ಸ್ವೀಕರಿಸಿದ್ದೆ. ಆ ಕಾಯಿಲೆ ಬಹುಕಾಲವಿದ್ದವರ ಪಾದದ ನರಗಳಿಗೆ ಸ್ಪರ್ಶ ತಿಳಿಯದಂತಾಗುತ್ತದೆ, ಗುಳ್ಳೆಯೆದ್ದರೂ ಗಾಯವಾದರೂ ಗೊತ್ತಾಗುವುದಿಲ್ಲ, ಆದ್ದರಿಂದ ನೋವಿಲ್ಲದಿರುವುದೇ ಅಪಾಯದ ಗುರುತು ಎಂದು ವೈದ್ಯರು ಹೇಳಿದ್ದು ಮೂರು ವಾರಗಳ ಅನಂತರ. ಅಷ್ಟರಲ್ಲಿ ಕಿರುಬೆರಳಿನ ಗಾಯ ಕೊಳೆತಿತ್ತು. ಸೆಪ್ಟೆಂಬರಿನಲ್ಲಿ ಆ ಬೆರಳನ್ನು ತೆಗೆಯಬೇಕಾಯಿತು. ವೈದ್ಯರು ನ್ಯಾಯವಂತರು. “ಬೂಟೊಂದನ್ನೇ ದೂರಬೇಡಿ, ಸಕ್ಕರೆಯ ಪ್ರಮಾಣ ಬಹಳ ದಿನಗಳಿಂದ ಹತೋಟಿಯಲ್ಲಿರಲಿಲ್ಲ” ಎಂದರು. ಅವರು ತೆರೆದ ಈ ಬಾಗಿಲಿನಿಂದ ನಾನು ಹೊರಗೆ ಬಂದು ಎರಡು ತಿಂಗಳು ನೆಮ್ಮದಿಯಾಗಿದ್ದೆನೆಂಬುದನ್ನು ಮುಚ್ಚಿಡಲಾರೆ. ಆಸ್ಪತ್ರೆಯ ಖರ್ಚಿನಲ್ಲಿ ಅರ್ಧವನ್ನು ಕೊಟ್ಟೆ. ಕೊಟ್ಟದ್ದನ್ನು ನಾಲ್ಕು ಜನರ ಎದುರಿಗೆ ಹೇಳಿಯೂ ಹೇಳಿದೆ. ಅದೇ ಸೆಪ್ಟೆಂಬರಿನಲ್ಲಿ ದಶಲಕ್ಷಣ ಪರ್ವ. ಪರ್ವ ಮುಗಿದ ಮೇಲೆ ಕ್ಷಮಾವಾಣಿಯ ಪತ್ರಗಳನ್ನು ಅಚ್ಚು ಹಾಕಿಸಿ ಮುನ್ನೂರು ಜನ ವ್ಯಾಪಾರಿ ಬಂಧುಗಳಿಗೆ ಕಳುಹಿಸಿದೆ. ತಿಳಿದೋ ತಿಳಿಯದೆಯೋ ಮಾಡಿದ ಅಪರಾಧಗಳಿಗೆ ಕ್ಷಮೆ ಬೇಡುವ ಆ ಪತ್ರಗಳಲ್ಲಿ ಒಂದೂ ನನ್ನ ಅಂಗಡಿಯ ಹದಿನಾಲ್ಕು ಜನರಿಗೆ ಹೋಗಲಿಲ್ಲ.

ಪ್ರತಿ ಭಾನುವಾರ ಬಸದಿಯ ಪಾಠಶಾಲೆಯಲ್ಲಿ ಮಕ್ಕಳಿಗೆ ಶ್ರಾವಕಾಚಾರವನ್ನು ಹೇಳಿಕೊಡುವ ಅಭ್ಯಾಸ ನನಗಿದೆ. ಆ ವರ್ಷದ ಕಾರ್ತಿಕದಲ್ಲಿ ಅಹಿಂಸಾಣುವ್ರತದ ಪಾಠ ಬಂತು. ಸಮಂತಭದ್ರಾಚಾರ್ಯರ ರತ್ನಕರಂಡಕದಲ್ಲಿ ಆ ವ್ರತದ ಐದು ಅತಿಚಾರಗಳನ್ನು ಹೇಳಿದೆ: ಛೇದನ, ಬಂಧನ, ಪೀಡನ, ಅತಿಭಾರಾರೋಪಣ, ಆಹಾರವಾರಣ. ತತ್ತ್ವಾರ್ಥಸೂತ್ರದಲ್ಲಿಯೂ ಹೆಸರುಗಳಲ್ಲಿ ಸ್ವಲ್ಪ ವ್ಯತ್ಯಾಸವಿದ್ದು ಇವೇ ಐದು ಬರುತ್ತವೆ. ಅತಿಭಾರಾರೋಪಣವನ್ನು ವಿವರಿಸಲು ನಾನು ಪ್ರತಿವರ್ಷವೂ ಕಪ್ಪುಹಲಗೆಯ ಮೇಲೆ ಎತ್ತಿನ ಬಂಡಿಯ ಚಿತ್ರವನ್ನು ಬರೆದು, ಮೇಲೆ ಚೀಲಗಳನ್ನು ಒಂದರ ಮೇಲೊಂದು ಪೇರಿಸುತ್ತ ಹೋಗುತ್ತೇನೆ. ಮಕ್ಕಳು “ಸಾಕು, ಸಾಕು” ಎನ್ನುವವರೆಗೆ ಪೇರಿಸುವುದು ನಮ್ಮ ಆಟ. ಆ ದಿನ ಒಬ್ಬ ಹುಡುಗಿ, “ಎತ್ತಿಗೆ ಎಷ್ಟಾದ್ರ ಅತಿ ಅಂತ ಹೆಂಗ ಗೊತ್ತಾಗತೈತ್ರಿ? ಅದಕ್ಕ ಮಾತು ಬರೂದಿಲ್ಲಲ್ಲ” ಎಂದು ಕೇಳಿದಳು. ಬಂಡಿ ಹೊಡೆಯುವವನು ಅದರ ಕಾಲನ್ನು ನೋಡಬೇಕು ಎಂದು ಉತ್ತರ ಹೇಳಿದೆ. ಹೇಳುತ್ತಿದ್ದಂತೆಯೇ ಸೀಮೆಸುಣ್ಣ ಹಿಡಿದ ಕೈ ನಿಂತಿತು.

ಮನೆಗೆ ಬಂದು ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ವಾಣಿಜ್ಯಶಾಸ್ತ್ರ ಓದಿದವನಿಗೆ ಪಶ್ಚಾತ್ತಾಪವೂ ಅಂಕಿಗಳಲ್ಲಿಯೇ ಬರುತ್ತದೆ. ಆ ಗುಮಾಸ್ತರ ಸಂಬಳ ಆಗ 14,000 ರೂಪಾಯಿ. ಸಮವಸ್ತ್ರದ 3,500 ಎಂದರೆ ಒಂದು ತಿಂಗಳ ಸಂಬಳದ ನಾಲ್ಕನೆಯ ಒಂದು ಪಾಲು. ನಾನು ಒಂದು ಕೋಟು ಹೊಲಿಸಲು ನನ್ನ ತಿಂಗಳ ಆದಾಯದ ನಾಲ್ಕನೆಯ ಪಾಲನ್ನು ಎಂದಾದರೂ ಖರ್ಚು ಮಾಡಿದ್ದೆನೆ? ಜುಲೈ ತಿಂಗಳಲ್ಲಿ 500 ಕಂತು, 500 ದಂಡ, ಒಟ್ಟು 1,000 ರೂಪಾಯಿ ಅವರ ಮನೆಗೆ ಕಡಿಮೆ ಹೋಯಿತು. ಆಹಾರವಾರಣವೆಂದರೆ ದನದ ಮುಂದಿನ ಮೇವನ್ನು ಎಳೆದುಕೊಳ್ಳುವುದೆಂದು ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ಸಂಬಳದ ಲಕೋಟೆಯಿಂದ ಎಳೆದುಕೊಳ್ಳುವುದಕ್ಕೆ ಬೇರೆ ಹೆಸರಿದೆಯೇ? ಧರ್ಮಶಾಸ್ತ್ರದ ಮಾತು ಹಾಗಿರಲಿ. 1936ರ ವೇತನ ಪಾವತಿ ಕಾಯಿದೆಯಲ್ಲಿಯೇ ದಂಡವು ಆಯಾ ಅವಧಿಯ ವೇತನದ ನೂರಕ್ಕೆ 3ನ್ನು ಮೀರಬಾರದೆಂದಿತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ವೇತನ ಸಂಹಿತೆಯಲ್ಲಿಯೂ ಅದೇ ಮಿತಿಯಿದೆ. 14,000ಕ್ಕೆ ನೂರಕ್ಕೆ 3ರಂತೆ 420 ರೂಪಾಯಿ. ನಾನು ಹಾಕಿದ್ದು 500. ದಂಡ ಹಾಕುವ ಮುನ್ನ ನೌಕರನ ಮಾತನ್ನು ಕೇಳಬೇಕೆಂದೂ, ದಂಡದ ಹಣವನ್ನು ನೌಕರರ ಹಿತಕ್ಕಾಗಿಯೇ ಬಳಸಬೇಕೆಂದೂ ಕಾನೂನು ಹೇಳುತ್ತದೆ. ಪರೀಕ್ಷೆಗೆ ಇದನ್ನೆಲ್ಲ ಓದಿ ಪಾಸಾದವನೇ ನಾನು.

ಇನ್ನು ಆ ಚರ್ಮದ ಕಲಮು. ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ವಿಷಯ. ಸತ್ತ ಪ್ರಾಣಿಯ ತೊಗಲು ಬೇಡವೆಂದು ರೆಕ್ಸಿನ್ ತಂದೆ. ಗಾಳಿಯಾಡದ ಆ ರೆಕ್ಸಿನ್ನಿನೊಳಗೆ ಜೀವಂತ ಮನುಷ್ಯನ ತೊಗಲು ಬೆಂದಿತು. ಚರ್ಮದ ಬೂಟಾಗಿದ್ದರೆ ಏನೂ ಆಗುತ್ತಿರಲಿಲ್ಲವೆಂದು ನಾನು ವಾದಿಸುತ್ತಿಲ್ಲ. ಒದ್ದೆಯಾದ ಯಾವ ಬಿಗಿ ಬೂಟೂ ಅಂಥ ಪಾದಕ್ಕೆ ಕೇಡೇ. ನಾನು ಹೇಳುವುದು ಬೇರೆ. ಚರ್ಮತ್ಯಾಗ ನನ್ನ ನಿಯಮ. ನಾನು ಗುರುಸಾಕ್ಷಿಯಾಗಿ ತೆಗೆದುಕೊಂಡದ್ದು. ತನ್ನ ಮನಸ್ಸಿನಿಂದ ತೆಗೆದುಕೊಂಡರೆ ಅದು ವ್ರತ. ಸಂಬಳ ಕೊಡುವವನು ಹೊರಿಸಿದರೆ ಅದು ಹೊರೆ. ಅವರ ಕಾಲಿನ ಮೇಲೆ ನನ್ನ ವ್ರತವನ್ನು ಆಚರಿಸಲು ಹೊರಟಿದ್ದೆ. ಈ ಮಾತನ್ನು ಮನೆಯಲ್ಲಿ ಆಡಿದಾಗ ನನ್ನ ಪತ್ನಿ ಕಪಾಟಿನ ಬಾಗಿಲು ತೆರೆದು, “ಹಂಗಾದ್ರ ಇವಕ್ಕ ಏನಂತೀರಿ?” ಎಂದು ತನ್ನ ರೇಷ್ಮೆ ಸೀರೆಗಳನ್ನು ತೋರಿಸಿದರು. ಪ್ರತಿ ದೀಪಾವಳಿಗೆ ಅಂಗಡಿಯ ಪೂಜೆಯಲ್ಲಿ ನಮ್ಮ ಮನೆಯ ಹೆಂಗಸರು ರೇಷ್ಮೆಯುಟ್ಟು ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ಚಿಟ್ಟೆ ಗೂಡನ್ನು ಕೊರೆದು ಹೊರಬಂದರೆ ಎಳೆ ತುಂಡಾಗುತ್ತದೆಂದು ಹುಳುವನ್ನು ಗೂಡಿನೊಳಗೆಯೇ ಬಿಸಿಗೆ ಕೊಂದು ನೂಲು ತೆಗೆಯುತ್ತಾರೆ. ಒಂದು ಸೀರೆಗೆ ಅಂಥವು ಸಾವಿರಾರು. ನೌಕರರ ಬೂಟಿನಲ್ಲಿ ಹಿಂಸೆಯನ್ನು ಹುಡುಕಿದ ನನ್ನ ಕಣ್ಣು ನನ್ನ ಮನೆಯ ಕಪಾಟಿನತ್ತ ತಿರುಗಿರಲಿಲ್ಲ. ಆ ಸೀರೆಗಳು ಈಗಲೂ ಕಪಾಟಿನಲ್ಲಿವೆ. ಹೊಸದನ್ನು ಕೊಳ್ಳುವುದಿಲ್ಲವೆಂದು ಪತ್ನಿ ತಾವಾಗಿಯೇ ನಿಯಮ ಮಾಡಿಕೊಂಡಿದ್ದಾರೆ. ಸೊಸೆ ಮಾಡಿಕೊಂಡಿಲ್ಲ, ನಾವು ಕೇಳಿಯೂ ಇಲ್ಲ.

ಕಚೇರಿಯ ಉಡುಪನ್ನು ಗೊತ್ತುಮಾಡುವಾಗ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ ‘ಇದು ನೋಡುವವರಿಗೆ ಹೇಗೆ ಕಾಣುತ್ತದೆ?’ ಎಂಬುದು. ನೋಡುವ ಕಣ್ಣು ಯಾರದು? 2014ರ ಜುಲೈಯಲ್ಲಿ ಚೆನ್ನೈನ ಕ್ಲಬ್ಬೊಂದು ವೇಷ್ಟಿ ಉಟ್ಟು ಬಂದರೆಂದು ಮದ್ರಾಸ್ ಹೈಕೋರ್ಟಿನ ನ್ಯಾಯಾಧೀಶರೊಬ್ಬರನ್ನೇ ಒಳಗೆ ಬಿಡಲಿಲ್ಲ; ಮರುತಿಂಗಳಲ್ಲಿಯೇ ತಮಿಳುನಾಡಿನ ವಿಧಾನಸಭೆ ಅಂಥ ನಿರ್ಬಂಧಗಳನ್ನು ನಿಷೇಧಿಸುವ ಕಾನೂನನ್ನು ಮಾಡಬೇಕಾಯಿತು. ಹತ್ತು ವರ್ಷಗಳ ಮೇಲೆ, 2024ರ ಜುಲೈಯಲ್ಲಿ, ಬೆಂಗಳೂರಿನ ಮಾಲೊಂದರಲ್ಲಿ ಧೋತರ ಉಟ್ಟ ವೃದ್ಧ ರೈತರೊಬ್ಬರನ್ನು ಬಾಗಿಲಲ್ಲಿಯೇ ತಡೆದರು. ಸರಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಪತ್ರಿಕೆಯಲ್ಲಿ ಆ ಸುದ್ದಿಯನ್ನು ಓದಿ ನಮ್ಮ ಅಂಗಡಿಯಲ್ಲಿ ಎಲ್ಲರೂ ಕೆಂಡವಾದರು. ನಾನು ಮಾತನಾಡಲಿಲ್ಲ. ನನ್ನ ಪಂಪ್‌ಸೆಟ್ಟು ಕೊಳ್ಳುವವರೆಲ್ಲ ಧೋತರ ಉಟ್ಟ ರೈತರೇ. ಅವರಿಗೆ ಕಪ್ಪು ಬೂಟಿನ ಗುಮಾಸ್ತ ಬೇಕಾಗಿರಲಿಲ್ಲ. ಬೇಕಾಗಿದ್ದುದು ವರ್ಷಕ್ಕೆ ನಾಲ್ಕು ಸಲ ಬಂದು ಚಹಾ ಕುಡಿದು ಹೋಗುವ ಕಂಪನಿಯ ಅಧಿಕಾರಿಗಳಿಗೆ. ಅವರಿಗಾದರೂ ಬೇಕಾಗಿತ್ತೆಂದು ನಾನು ಊಹಿಸಿಕೊಂಡದ್ದಷ್ಟೆ. ಕರಿಕೋಟಿಗೆ ಹೆಸರಾದ ವಕೀಲಿ ವೃತ್ತಿಯಲ್ಲಿಯೇ ಬೇಸಿಗೆಯ ದಿನಗಳಲ್ಲಿ ಸುಪ್ರೀಂ ಕೋರ್ಟು, ಹೈಕೋರ್ಟುಗಳನ್ನುಳಿದು ಬೇರೆ ನ್ಯಾಯಾಲಯಗಳಲ್ಲಿ ಕೋಟು ಕಡ್ಡಾಯವಲ್ಲವೆಂದು ನಿಯಮವಿದೆ. ಸೆಕೆಯೆಂಬುದೊಂದು ಇದೆಯೆಂದು ಅವರಾದರೂ ಒಪ್ಪಿಕೊಂಡಿದ್ದಾರೆ.

ಹಾಗಾದರೆ ಕಟ್ಟಳೆಯೇ ಬೇಡವೇ ಎಂದು ಮಗ ಕೇಳಿದ. ಬೇಕು. ಗೋದಾಮಿನಲ್ಲಿ ಜಿ.ಐ. ಪೈಪುಗಳನ್ನು ಎತ್ತಿಳಿಸುವವರಿಗೆ ಮುಂಭಾಗದಲ್ಲಿ ಉಕ್ಕಿನ ತಗಡಿರುವ ಬೂಟು ಖಂಡಿತವಾಗಿ ಬೇಕು. ಪೈಪು ಬಿದ್ದು ಬೆರಳು ಜಜ್ಜಿಹೋದದ್ದನ್ನು ನಾನು ಕಂಡಿದ್ದೇನೆ. ವಿಚಿತ್ರವೆಂದರೆ ನನ್ನ ಒಂಬತ್ತು ಕಲಮುಗಳಲ್ಲಿ ಅದು ಇರಲಿಲ್ಲ. ಗೋದಾಮಿನ ಒಳಗೆ ಹೊರಗಿನವರು ಬರುವುದಿಲ್ಲವಾದ್ದರಿಂದ ಅಲ್ಲಿನವರಿಗೂ ಅದೇ ತೆಳುವಾದ ರೆಕ್ಸಿನ್ ಬೂಟನ್ನು ಕೊಟ್ಟು ಕೈತೊಳೆದುಕೊಂಡಿದ್ದೆ. ಕಾಲಿಗೆ ರಕ್ಷೆ ಬೇಕಾದಲ್ಲಿ ಕೊಡಲಿಲ್ಲ, ಬೇಡವಾದಲ್ಲಿ ಕಟ್ಟಿದೆ.

ಆ ವರ್ಷದ ಡಿಸೆಂಬರಿನಲ್ಲಿ ನೋಟೀಸನ್ನು ಇಳಿಸಿದೆ. ಉತ್ಸಾಹದಲ್ಲಿ ಇನ್ನೊಂದು ತಪ್ಪು ಮಾಡುವುದರಲ್ಲಿದ್ದೆ. ನಮ್ಮೂರಿನ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ರಾಷ್ಟ್ರಧ್ವಜವನ್ನು ಸಿದ್ಧಪಡಿಸುವ ಸಂಸ್ಥೆಯೆಂದು ಅದು ಪ್ರಸಿದ್ಧ. ಎಲ್ಲರಿಗೂ ಖಾದಿಯ ಅಂಗಿ ಕೊಡಿಸುವೆನೆಂದು ಸಾರಿದೆ. ಈ ಸಲ ಮಾತ್ರ ಎಲ್ಲರನ್ನೂ ಕೂರಿಸಿಕೊಂಡು ಕೇಳಿದೆ. ಸ್ವಲ್ಪ ಹೊತ್ತಿನ ಮೌನದ ಅನಂತರ ನಿಚ್ಚಣಿಕೆಯ ಮಾತಾಡಿದ ಅದೇ ಹೆಣ್ಣುಮಗಳು, “ಖಾದಿ ಚಲೋನ ಅದ ರೀ. ಅದನ್ನ ಒಗದು, ಗಂಜಿ ಹಾಕಿ, ಇಸ್ತ್ರಿ ಮಾಡೋರು ಯಾರ್ರಿ? ಇವರು ಮಾಡೂದಿಲ್ಲ, ಇವರ ಮನ್ಯಾನ ಹೆಣಮಕ್ಕಳು ಮಾಡಬೇಕು” ಎಂದರು. ಗಂಡಸರು ತಲೆ ತಗ್ಗಿಸಿ ನಕ್ಕರು. ಖಾದಿಯ ಆಸೆ ಅಲ್ಲಿಗೆ ಮುಗಿಯಿತು. ನಾನು ತೊಡುವ ಬಟ್ಟೆಯ ಮಟ್ಟಿಗೆ ಮಾತ್ರ ಅದನ್ನು ಉಳಿಸಿಕೊಂಡಿದ್ದೇನೆ; ಒಗೆಯುವುದೂ ನಾನೇ.

ಹಣವನ್ನು ಹಿಂತಿರುಗಿಸಿದೆವು. ಹತ್ತು ಜನ ಪುರುಷರಿಗೆ 35,000, ನಾಲ್ಕು ಜನ ಮಹಿಳೆಯರಿಗೆ 9,600, ವಸೂಲಾಗಿದ್ದ ದಂಡ 4,300, ಒಟ್ಟು 48,900 ರೂಪಾಯಿ. ವಸೂಲಾಗದೆ ಉಳಿದಿದ್ದ ಕಂತುಗಳನ್ನು ಬಿಟ್ಟುಕೊಟ್ಟದ್ದೂ ಈ ಲೆಕ್ಕದಲ್ಲಿ ಸೇರಿದೆ. ಯಾವ ಖಾತೆಗೆ ಹಾಕಬೇಕೆಂದು ಲೆಕ್ಕದವರು ಕೇಳಿದರು. ‘ನೌಕರರ ಕಲ್ಯಾಣ’ ಎಂದು ಮಗ ಹೇಳಿದ. ಅವರಿಂದ ತೆಗೆದುಕೊಂಡದ್ದನ್ನು ಅವರಿಗೆ ಕೊಡುವುದು ಕಲ್ಯಾಣ ಹೇಗಾದೀತು? ‘ಹಿಂದಿನ ಬಾಕಿ ಪಾವತಿ’ ಎಂದು ಬರೆಸಿದೆ. ಲೆಕ್ಕಪರಿಶೋಧಕರು ಇದರ ಬಗ್ಗೆ ಒಂದು ಪ್ರಶ್ನೆ ಕೇಳಿ, ನನ್ನ ಉತ್ತರ ಕೇಳಿ, ಮುಂದೆ ಏನೂ ಬರೆಯಲಿಲ್ಲ.

ಗುಮಾಸ್ತರು ಮರಳಿ ಕೆಲಸಕ್ಕೆ ಬಂದ ದಿನ ಅವರ ಹತ್ತಿರ ಕುಳಿತು ಕ್ಷಮೆ ಕೇಳಿದೆ. ಅವರು ಬಹಳ ಸಂಕೋಚಪಟ್ಟು, “ನನ್ನ ಸಕ್ಕರಿ ರೋಗಕ್ಕ ನೀವ್ಯಾಕ ಕೈ ಮುಗೀತೀರಿ” ಎಂದರು. ಕ್ಷಮಿಸಿದೆನೆಂದು ಹೇಳಲಿಲ್ಲ, ಕ್ಷಮಿಸಲಿಲ್ಲವೆಂದೂ ಹೇಳಲಿಲ್ಲ. ಅವರನ್ನು ಒಳಗಿನ ಕೆಲಸಕ್ಕೆ ಹಾಕಿದೆ. ವೈದ್ಯರು ಬರೆದುಕೊಟ್ಟ ಮೆತ್ತನೆಯ ಎಂ.ಸಿ.ಆರ್. ಚಪ್ಪಲಿಯನ್ನು ಧರಿಸಿ 2024ರವರೆಗೆ ದುಡಿದು ನಿವೃತ್ತರಾದರು. ಅವರ ನಡಿಗೆಯಲ್ಲಿ ಬಲಕ್ಕೆ ಒಂದು ಸಣ್ಣ ವಾಲು ಉಳಿದಿತ್ತು. ಅವರು ಷೋರೂಮನ್ನು ದಾಟಿ ಹೋಗುವ ಸಪ್ಪಳ ನನ್ನ ಕೋಣೆಗೆ ಕೇಳಿಸುತ್ತಿತ್ತು.

ಈಗ ನಮ್ಮಲ್ಲಿರುವ ಪದ್ಧತಿ ಇಷ್ಟು. ಗೋದಾಮಿನವರಿಗೆ ಉಕ್ಕಿನ ತುದಿಯ ಬೂಟು ಮತ್ತು ಕೈಗವಸು ಕಡ್ಡಾಯ, ಖರ್ಚು ಅಂಗಡಿಯದು. ಬೂಟು ಯಾವುದರದಾಗಿರಬೇಕೆಂದು ತೊಡುವವರೇ ಆರಿಸಬೇಕು. ಷೋರೂಮಿನಲ್ಲಿ ನಿಲ್ಲುವವರಿಗೆ ಗಿರಾಕಿಗಳು ಗುರುತಿಸಲೆಂದು ಹತ್ತಿ ಹೆಚ್ಚಾಗಿರುವ ಅಂಗಿ, ವರ್ಷಕ್ಕೆ ಮೂರು, ಅದರ ಖರ್ಚೂ ಅಂಗಡಿಯದೇ. ಉಳಿದವರು ಶುಚಿಯಾದ ಯಾವ ಬಟ್ಟೆಯಲ್ಲಾದರೂ ಬರಬಹುದು. ಜೀನ್ಸ್ ತೊಟ್ಟು ಬರುವವರಿದ್ದಾರೆ. ನನಗೆ ಅದು ಈಗಲೂ ಹಿಡಿಸುವುದಿಲ್ಲ, ವಿಶೇಷವಾಗಿ ಮೊಣಕಾಲಲ್ಲಿ ಹರಿದದ್ದು. ಬೇಕೆಂದೇ ಹರಿದದ್ದಕ್ಕೆ ಹೆಚ್ಚು ಬೆಲೆಯೆಂದು ಕೇಳಿ ನನ್ನ ವ್ಯಾಪಾರಿ ಬುದ್ಧಿ ದಿಗ್ಭ್ರಮೆಗೊಂಡಿದೆ. ನನಗೆ ಹಿಡಿಸದಿರುವುದು ಬೇರೆ, ಅದು ಅಯೋಗ್ಯವೆಂದು ಸಾಧಿಸುವುದು ಬೇರೆ. ಹೀಗೆಂದು ಸುಮ್ಮನಿದ್ದೇನೆ.

ಆ ತರುಣನಿಗೆ ಕೊನೆಗೆ ನಾನೇ ತಿರುಗಿ ಪ್ರಶ್ನೆ ಕೇಳಿದೆ. ಮನೆ ಎಲ್ಲಿ, ಹೇಗೆ ಬರುತ್ತೀಯ ಎಂದೆ. ನವಲಗುಂದದ ಕಡೆಯ ಹಳ್ಳಿಯಿಂದ ಬೆಳಿಗ್ಗೆ ಏಳರ ಬಸ್ಸಿಗೆ, ಬಹಳ ಸಲ ನಿಂತುಕೊಂಡೇ ಬರಬೇಕು ಎಂದ. ಮೈಮೇಲಿನ ಚೌಕಳಿ ಅಂಗಿ ಒಗೆದು ಒಗೆದು ಬಣ್ಣಗೆಟ್ಟಿತ್ತು, ಆದರೆ ಶುಚಿಯಾಗಿತ್ತು. “ಹಿಂಗ ಬಂದೀಯಲ್ಲ, ಹಿಂಗ ಬಾ” ಎಂದೆ. ಅವನು ನಂಬದವನಂತೆ ನನ್ನ ಮುಖವನ್ನು ನೋಡಿ, “ಬೂಟು?” ಎಂದು ಕೇಳಿದ.

“ಬ್ಯಾಡ” ಎಂದೆ.